ಕೂಸು ಹೊರಗ ಐತಿ

ನಮ್ಮ ನಿಡಗುಂದಿಯ ಓಣಿಗಳಲ್ಲಿ ಒಂದು ಕಾಲಕ್ಕೆ ದಿನಕ್ಕೆ ಹತ್ತು ಸಲವಾದರೂ ಕೇಳಿಬರುತ್ತಿದ್ದ ಮಾತೊಂದಿತ್ತು. ಮನೆಗೆ ಬಂದವರು ‘ಕೂಸು ಎಲ್ಲೈತಿ?’ ಎಂದು ಕೇಳಿದರೆ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿ ತಲೆ ಕೂಡ ಎತ್ತದೆ ‘ಹೊರಗ ಐತಿ’ ಎನ್ನುತ್ತಿದ್ದಳು. ಹೊರಗೆ ಅಂದರೆ ಎಲ್ಲಿ, ಯಾರ ಹತ್ತಿರ, ಎಷ್ಟು ಹೊತ್ತಿನಿಂದ ಎಂದು ಅವಳೂ ಹೇಳುತ್ತಿರಲಿಲ್ಲ, ಬಂದವರೂ ಕೇಳುತ್ತಿರಲಿಲ್ಲ. ಕಟ್ಟೆಯ ಮೇಲಿರಬಹುದು, ಎದುರು ಮನೆಯ ಪಡಸಾಲೆಯಲ್ಲಿರಬಹುದು, ಯಾವುದೋ ಹುಡುಗಿಯ ಸೊಂಟದ ಮೇಲೆ ಕುಳಿತು ಕಿರಾಣಿ ಅಂಗಡಿಗೆ ಹೋಗಿರಬಹುದು. ಹಸಿವಾದಾಗ ತಾನೇ ಬಂದೀತು, ಅಥವಾ ಯಾರಾದರೂ ತಂದುಬಿಟ್ಟಾರು ಎಂಬ ಭರವಸೆ ಆ ಎರಡು ಶಬ್ದಗಳಲ್ಲಿ ಇತ್ತು.

ಇಂದು ಅದೇ ಮಾತನ್ನು ಒಬ್ಬ ತಾಯಿ ಆಡಿದರೆ ಕೇಳಿದವರು ಎದ್ದು ನಿಲ್ಲುತ್ತಾರೆ. ‘ಹೊರಗ? ಒಂದ? ಯಾರ್ ಅದಾರ ಅಲ್ಲಿ?’ ಎಂದು ಮೂರು ಪ್ರಶ್ನೆಗಳು ಒಟ್ಟಿಗೆ ಬರುತ್ತವೆ. ತಾಯಿಯೂ ಹಿಟ್ಟಿನ ಕೈಯಲ್ಲೇ ಓಡುತ್ತಾಳೆ. ಐವತ್ತು ವರ್ಷಗಳ ಅಂತರದಲ್ಲಿ ಬದಲಾದದ್ದು ಯಾವುದು? ಕೂಸಂತೂ ಬದಲಾಗಿಲ್ಲ. ಅದು ಇಂದಿಗೂ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ತೆರೆದ ಬಾಗಿಲನ್ನು ಕಂಡರೆ ಅಂಬೆಗಾಲಿಕ್ಕುತ್ತದೆ. ಬದಲಾದದ್ದು ಹೊರಗೋ, ನಾವೋ? ಮೇಲೆ ನೋಡಿದರೆ ಇದು ಮಕ್ಕಳ ಸಾಕಣೆಯ ಪ್ರಶ್ನೆ. ಸ್ವಲ್ಪ ಕೆದಕಿದರೆ ಕೂಸಿನ ಹೊಣೆ ಯಾರದು ಎಂಬ ನೀತಿಯ ಪ್ರಶ್ನೆಯಾಗುತ್ತದೆ. ನಿವೃತ್ತನಾಗಿ ಕಟ್ಟೆಯ ಮೇಲೆ ಕುಳಿತುಕೊಳ್ಳುವ ಹಕ್ಕು ಪಡೆದ ಮೇಲೆ ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ.

ಮೊದಲು ಊರಿನ ಮಾತು. ನಿಡಗುಂದಿ ನಾನು ಚಿಕ್ಕವನಿದ್ದಾಗ ವಿಜಾಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಊರು. ಈಗ ಜಿಲ್ಲೆಯ ಹೆಸರು ವಿಜಯಪುರ, ನಮ್ಮ ಊರೇ ಒಂದು ತಾಲ್ಲೂಕು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲು ಇಟ್ಟ ಮೇಲೆ ಈ ಸೀಮೆಯ ‘ಹೊರಗು’ ಎಂಬುದು ನಿಧಾನವಾಗಿ ಬೇರೆಯೇ ಆಯಿತು. ಹೊಳೆದಂಡೆಯ ಹಳ್ಳಿಗಳು ನೀರಿಗೆ ಸರಿದವು, ಹೊಸ ಹೆಸರಿನ ಪುನರ್ವಸತಿ ಕೇಂದ್ರಗಳು ಎದ್ದವು, ಕಾಲುವೆಗಳು ಬಂದವು. ಕಲ್ಲು, ಸಿಮೆಂಟು ಹೊತ್ತ ಲಾರಿಗಳು ಬಂದವು. ಸೊಲ್ಲಾಪುರದಿಂದ ಚಿತ್ರದುರ್ಗದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ, ಆಗ 13, ಈಗ 50, ನಾಲ್ಕು ಪಥವಾಯಿತು. ಎತ್ತಿನ ಗಾಡಿಯ ಚಕ್ಕಡಿಜಾಡಿನಲ್ಲಿ ಕೂಸು ಕುಳಿತರೆ ಎತ್ತು ತಾನೇ ನಿಲ್ಲುತ್ತಿತ್ತು. ಎರಡು ಟ್ರಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರಿಗೆ ಆ ಬುದ್ಧಿಯನ್ನು ಯಾರೂ ಕಲಿಸಿಲ್ಲ. ಆದ್ದರಿಂದ ‘ಹೊರಗೇ ಬದಲಾಗಿದೆ’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಂತೂ ಇದ್ದೇ ಇದೆ.

ಆದರೆ ಹಿಂದಿನವರು ಕೂಸಿನ ಬಗ್ಗೆ ಭಯವಿಲ್ಲದೆ ಇದ್ದರು ಎಂದುಕೊಂಡರೆ ತಪ್ಪು. ಅವರಿಗೆ ಭಯ ನಮಗಿಂತ ಹೆಚ್ಚೇ ಇತ್ತು, ವಿಳಾಸ ಮಾತ್ರ ಬೇರೆ. ಬಾಣಂತಿಯ ಕೋಣೆಗೆ ಗಾಳಿ ನುಸುಳದಂತೆ ಕಿಡಕಿಗೆ ಗೋಣಿಚೀಲ ತುರುಕುತ್ತಿದ್ದರು. ಕೂಸಿನ ತಲೆಗೆ ಕುಂಚಿಗೆ, ಹಣೆಗೂ ಗಲ್ಲಕ್ಕೂ ಕಾಡಿಗೆಯ ಬೊಟ್ಟು, ಕೈಗೆ ಕರಿಮಣಿ. ಸಂಜೆಯ ಹೊತ್ತು ಹೊಸ್ತಿಲು ದಾಟಿಸುವಂತಿಲ್ಲ, ಅಮವಾಸ್ಯೆಯ ದಿನವಂತೂ ಮಾತೇ ಬೇಡ. ಹೊರಗಿನ ಗಾಳಿ, ಹೊರಗಿನವರ ಕಣ್ಣು, ಇವೆರಡೇ ಅವರ ಶತ್ರುಗಳು. ಎಣ್ಣೆ ಹಚ್ಚಿ ಎರೆದ ಮೇಲೆ ಕಾಲ ಮೇಲೆ ಮಲಗಿಸಿಕೊಂಡು ಎಳೆ ಬಿಸಿಲು ಕಾಯಿಸುತ್ತಿದ್ದುದೂ ಅಂಗಳದ ಒಂದು ಮೂಲೆಯಲ್ಲಿ, ಸೆರಗಿನ ಮರೆಯಲ್ಲಿ. ಕೂಸು ಕುತ್ತಿಗೆ ನಿಲ್ಲಿಸಿ, ಬೋರಲು ಬಿದ್ದು, ಅಂಬೆಗಾಲಿಕ್ಕಲು ಶುರುಮಾಡಿದ ಮೇಲೆಯೇ ಅದನ್ನು ಓಣಿಗೆ ಒಪ್ಪಿಸುತ್ತಿದ್ದದ್ದು. ಪ್ರತಿ ಕಾಲವೂ ತನಗೆ ತಿಳಿದ ಅಪಾಯಕ್ಕೆ ಬಾಗಿಲು ಹಾಕುತ್ತದೆ, ತಿಳಿಯದ್ದಕ್ಕೆ ತೆರೆದಿಡುತ್ತದೆ. ಧನುರ್ವಾಯುವಿನ ಕ್ರಿಮಿಗೆ ಕರಿಮಣಿ ಅಡ್ಡ ಬರಲಿಲ್ಲ. ಕೋಣೆಯಲ್ಲಿ ತುಂಬುತ್ತಿದ್ದ ಲೋಬಾನದ ಹೊಗೆ ಕೂಸಿನ ಎದೆಗೆ ಒಳ್ಳೆಯದಲ್ಲ ಎಂದು ಆಗ ಯಾರೂ ಹೇಳಲಿಲ್ಲ.

ನಮ್ಮಲ್ಲಿ ಕೂಸಿನ ವಾಹನಗಳು ಮೂರು. ಮೊದಲನೆಯದು ತೊಟ್ಟಿಲು. ಉಳ್ಳವರ ಮನೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲು, ಅದರ ಮೈತುಂಬ ಪುರಾಣದ ಚಿತ್ರಗಳು. ಮಗಳ ಬಾಣಂತನಕ್ಕೆಂದು ಕೊಂಡದ್ದು ಮೊಮ್ಮಗಳ ಬಾಣಂತನಕ್ಕೂ ಬರುತ್ತಿತ್ತು. ಎರಡನೆಯದು ಜೋಳಿಗೆ. ಹಳೆಯ ಇಳಕಲ್ ಸೀರೆಯ ಎರಡು ತುದಿ, ಒಂದು ಹಗ್ಗ, ಒಂದು ತೊಲೆ ಅಥವಾ ಒಂದು ಬೇವಿನ ಟೊಂಗೆ ಇದ್ದರೆ ಮುಗಿಯಿತು. ಮೂರನೆಯದು ಮೂರು ಗಾಲಿಯ ಮರದ ನೂಕುಗಾಡಿ. ಅದನ್ನು ಕೂಸೇ ನೂಕುತ್ತ ನಡೆಯಲು ಕಲಿಯುತ್ತಿತ್ತು. ಗಮನಿಸಿದರೆ ತಿಳಿಯುತ್ತದೆ, ಈ ಮೂರರಲ್ಲಿ ಯಾವುದೂ ಕೂಸನ್ನು ಊರಲ್ಲಿ ಸುತ್ತಾಡಿಸುವುದಿಲ್ಲ. ಸುತ್ತಾಡಿಸುವುದಕ್ಕೆ ಸೊಂಟ ಇತ್ತು, ಹೆಗಲು ಇತ್ತು. ತಾಯಿಯದು ಮಾತ್ರವಲ್ಲ, ಏಳೆಂಟು ವರ್ಷದ ಅಕ್ಕನ ಸೊಂಟವೂ ಆ ಲೆಕ್ಕಕ್ಕೆ ಸೇರುತ್ತಿತ್ತು. ಹಾಗೆ ತಮ್ಮನನ್ನು ಹೊತ್ತ ಎಷ್ಟೋ ಹುಡುಗಿಯರು ಶಾಲೆಯ ಹೊಸ್ತಿಲು ತುಳಿಯಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರು ಎಂದು ಬರೆದ ಮಾಸ್ತರರಲ್ಲಿ ನಾನೂ ಒಬ್ಬ. ಹಳೆಯ ಕಾಲದ ನಿಶ್ಚಿಂತೆಯ ಬೆಲೆಯನ್ನು ಕೊಟ್ಟವರು ಯಾರು ಎಂದು ಕೇಳುವಾಗ ಅವರನ್ನು ಮರೆಯಬಾರದು.

ತಳ್ಳುಗಾಡಿ ನಮ್ಮ ಓಣಿಗೆ ಬಂದದ್ದು ತೀರ ಈಚೆಗೆ. ಬೆಂಗಳೂರಿನಲ್ಲಿರುವ ನನ್ನ ಮಗ, ಸೊಸೆ ಎಂಟು ತಿಂಗಳ ಕೂಸನ್ನು ಕರೆದುಕೊಂಡು ಊರಿಗೆ ಬರುವಾಗ ಕಾರಿನ ಡಿಕ್ಕಿಯಲ್ಲಿ ಅದನ್ನೂ ತಂದರು. ಕೊಡೆಯಂತೆ ಮಡಚುವ, ಬಿಚ್ಚಿದರೆ ಸಿಂಹಾಸನದಂತಾಗುವ, ತಲೆಗೆ ಮಡಿಕೆ ಮಡಿಕೆಯ ಮುಚ್ಚಿಗೆಯುಳ್ಳ ಗಾಡಿ. ಸಂಜೆ ಸೊಸೆ ಅದನ್ನು ತಳ್ಳುತ್ತ ಹೊರಟಳು. ನಮ್ಮ ಮನೆಯ ಮುಂದಿನ ಗಟಾರದ ಹಾಸುಗಲ್ಲು ಒಡೆದಿದೆ, ಅಲ್ಲಿ ಗಾಡಿಯನ್ನು ಎತ್ತಿ ದಾಟಿಸಬೇಕಾಯಿತು. ಮುಂದೆ ನಲ್ಲಿಯ ಪೈಪಿಗಾಗಿ ಅಗೆದ ಗುಂಡಿ. ಅದರಾಚೆ ಎಮ್ಮೆ. ಎಮ್ಮೆಯ ಆಚೆ ಎಮ್ಮೆ ಮಾಡಿದ ಕೆಲಸ. ಗಾಲಿಗಳು ಬೆರಳುದ್ದ, ನಮ್ಮ ಓಣಿಯ ಕಲ್ಲುಗಳು ಅಂಗೈಯಗಲ. ಹತ್ತು ಮಾರು ಹೋಗುವಷ್ಟರಲ್ಲಿ ಅವಳು ಕೂಸನ್ನು ಬಗಲಿಗೆ ಎತ್ತಿಕೊಂಡಳು, ನನ್ನ ಮಗ ಖಾಲಿ ಗಾಡಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಕಟ್ಟೆಯ ಮೇಲಿನ ಮುದುಕಿ ನೋಡಿ, ‘ಛಲೋ ಆತ ಬಿಡವ್ವಾ, ಕೂಸು ನಿನ್ನ ಮ್ಯಾಲ, ಗಾಡಿ ಅವನ ಮ್ಯಾಲ’ ಎಂದಳು. ಓಣಿಯೆಲ್ಲ ನಕ್ಕಿತು, ಸೊಸೆಯೂ ನಕ್ಕಳು.

ನಗು ಮುಗಿದ ಮೇಲೆ ನನಗೆ ಹೊಳೆದದ್ದು ಇಷ್ಟು: ತಳ್ಳುಗಾಡಿ ಎಂಬುದು ಒಂಟಿ ವಸ್ತುವಲ್ಲ, ಅದರ ಇನ್ನರ್ಧ ಕಾಲುದಾರಿ. ಇಂಗ್ಲೆಂಡಿನಲ್ಲಿ 1733ರ ಸುಮಾರಿಗೆ ವಿಲಿಯಂ ಕೆಂಟ್ ಎಂಬ ವಿನ್ಯಾಸಕಾರ ಡೆವನ್‌ಶೈರಿನ ಡ್ಯೂಕನ ಮಕ್ಕಳಿಗೆಂದು ಚಿಪ್ಪಿನ ಆಕಾರದ ಪುಟ್ಟ ಬಂಡಿ ಮಾಡಿಕೊಟ್ಟಾಗ, ಅದನ್ನು ಆಡೋ ಸಣ್ಣ ಕುದುರೆಯೋ ಎಳೆಯಬೇಕಿತ್ತು, ಓಡಾಡಲು ಅರಮನೆಯ ತೋಟವಿತ್ತು. ಮುಂದೆ ವಿಕ್ಟೋರಿಯಾ ರಾಣಿಯ ಕಾಲಕ್ಕೆ ದೊಡ್ಡ ಗಾಲಿಯ, ಸ್ಪ್ರಿಂಗಿನ, ಕಪ್ಪು ಮುಚ್ಚಿಗೆಯ ಪ್ರ್ಯಾಮುಗಳು ಬಂದಾಗ ಪಟ್ಟಣಗಳಲ್ಲಿ ಉದ್ಯಾನಗಳೂ ಕಲ್ಲುಹಾಸಿನ ದಾರಿಗಳೂ ಬಂದಿದ್ದವು. 1965ರಲ್ಲಿ ಓವೆನ್ ಮೆಕ್ಲಾರೆನ್ ಎಂಬಾತ ಮಡಚುವ ಹಗುರ ಗಾಡಿಯನ್ನು ರೂಪಿಸಿದ. ಆತ ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಗಳ ಜೋಡಣೆಯಲ್ಲಿ ಕೆಲಸ ಮಾಡಿದ ಎಂಜಿನಿಯರು, ಅಲ್ಯುಮಿನಿಯಂ ಕೊಳವೆಗಳ ಮರ್ಮ ಬಲ್ಲವನು. ಇಂದು ನಮ್ಮ ಓಣಿಗೆ ಬಂದದ್ದು ಆ ಗಾಡಿಯ ಮೊಮ್ಮಗು. ಗಾಡಿ ಬಂತು, ಅದರ ದಾರಿ ಬರಲಿಲ್ಲ. ಪೇಟೆಯಲ್ಲಿ ಹಣ ಕೊಟ್ಟರೆ ಗಾಡಿ ಸಿಗುತ್ತದೆ, ದಾರಿ ಸಿಗುವುದಿಲ್ಲ. ದಾರಿಯನ್ನು ಊರೇ ಕೂಡಿ ಮಾಡಬೇಕು.

ಇನ್ನು ಆ ಹಳೆಯ ಪ್ರ್ಯಾಮುಗಳ ನಾಡಿನಲ್ಲಿ ಕೂಸಿನ ಹೊರಗಿನ ವಾಸ ಹೇಗಿತ್ತು ನೋಡಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿಯ ವೈದ್ಯರು ಕೂಸಿಗೆ ಹೊರಗಾಳಿ ಬೇಕೇ ಬೇಕು ಎಂದು ಸಾರಿದರು. ಕ್ಷಯದ ಹೆದರಿಕೆ, ಕಲ್ಲಿದ್ದಲ ಹೊಗೆ ತುಂಬಿದ ಮನೆಗಳು, ಹೀಗೆ ಕಾರಣಗಳು ಇದ್ದವು. ತಾಯಂದಿರು ಪ್ರ್ಯಾಮನ್ನು ಹಿತ್ತಲಲ್ಲಿ ನಿಲ್ಲಿಸಿ, ಕೂಸನ್ನು ಅದರಲ್ಲಿ ಮಲಗಿಸಿ ಒಳಗೆ ಹೋಗುತ್ತಿದ್ದರು. ಹಿತ್ತಲಿಲ್ಲದವರು ಏನು ಮಾಡಬೇಕು? ತಂತಿಯ ಪಂಜರ ಮಾಡಿ, ಮೇಲಂತಸ್ತಿನ ಕಿಟಕಿಗೆ ಹೊರಗಡೆ ಬಿಗಿದು, ಕೂಸನ್ನು ಅದರಲ್ಲಿ ಇಟ್ಟರು. ಅಮೆರಿಕದಲ್ಲಿ 1923ರಲ್ಲಿ ಇಂಥ ಪಂಜರಕ್ಕೆ ಪೇಟೆಂಟೂ ಸಿಕ್ಕಿತು, 1930ರ ದಶಕದ ಲಂಡನ್ನಿನಲ್ಲಿ ಇವು ಬಳಕೆಯಲ್ಲಿದ್ದವು. ಮುಂದೆ ಅಮೆರಿಕದ ಅಧ್ಯಕ್ಷರ ಪತ್ನಿಯಾದ ಎಲೀನರ್ ರೂಸ್‌ವೆಲ್ಟ್ ತನ್ನ ಮೊದಲ ಮಗಳನ್ನು ನ್ಯೂಯಾರ್ಕಿನ ಮನೆಯ ಕಿಟಕಿಯಾಚೆ ಇಂಥ ತಂತಿಯ ಪೆಟ್ಟಿಗೆಯಲ್ಲಿ ಮಲಗಿಸಿದಾಗ, ನೆರೆಯಾಕೆ ದೂರು ಕೊಡುವುದಾಗಿ ಬೆದರಿಸಿದಳಂತೆ. ತಾನು ಅತ್ಯಾಧುನಿಕ ತಾಯಿ ಎಂದುಕೊಂಡಿದ್ದ ಆಕೆಗೆ ಅದರಿಂದ ಆಶ್ಚರ್ಯವಾಯಿತಂತೆ. ಅಕ್ಕರೆಯಿಂದ ಮಾಡಿದ ಕೆಲಸ ಮಗ್ಗುಲ ಮನೆಯವಳ ಕಣ್ಣಿಗೆ ಕ್ರೌರ್ಯವಾಗಿ ಕಂಡಿತು.

1997ರ ಮೇ ತಿಂಗಳಲ್ಲಿ ಅದೇ ನ್ಯೂಯಾರ್ಕಿನಲ್ಲಿ ಇನ್ನೊಂದು ಘಟನೆ ನಡೆಯಿತು. ಡೆನ್ಮಾರ್ಕಿನಿಂದ ಬಂದಿದ್ದ ಒಬ್ಬ ತಾಯಿ ತನ್ನ ಹದಿನಾಲ್ಕು ತಿಂಗಳ ಮಗಳನ್ನು ತಳ್ಳುಗಾಡಿಯಲ್ಲಿ ಹೋಟೆಲಿನ ಹೊರಗೆ ಬಿಟ್ಟು, ತಾನು ಒಳಗೆ ಕಿಟಕಿಯ ಹತ್ತಿರ ಕುಳಿತಳು. ಕೋಪನ್‌ಹೇಗನ್ನಿನಲ್ಲಿ ಇದು ದಿನನಿತ್ಯದ ನೋಟ. ಚಳಿಗಾಲದಲ್ಲೂ ಅಲ್ಲಿ ಕೂಸುಗಳು ಹೊರಗೆ ಗಾಡಿಯಲ್ಲಿ ಮಲಗುತ್ತವೆ. ನ್ಯೂಯಾರ್ಕಿನ ಪೊಲೀಸರು ಆ ತಾಯಿಯನ್ನು ಬಂಧಿಸಿದರು, ಮಗುವನ್ನು ಕೆಲವು ದಿನ ಬೇರೆಯವರ ಆರೈಕೆಗೆ ಒಪ್ಪಿಸಿದರು. ಕೊನೆಗೆ ಆರೋಪಗಳನ್ನು ಕೈಬಿಡಲಾಯಿತು. ಒಬ್ಬಳೇ ತಾಯಿ, ಒಂದೇ ಕೂಸು, ಅದೇ ಗಾಡಿ. ವಿಮಾನ ಹತ್ತುವ ಮೊದಲು ವಾಡಿಕೆಯಾಗಿದ್ದದ್ದು, ವಿಮಾನ ಇಳಿದ ಮೇಲೆ ಅಪರಾಧವಾಯಿತು. ಹಾಗಾದರೆ ತಪ್ಪು ಎಲ್ಲಿತ್ತು? ತಾಯಿಯ ಮನಸ್ಸಿನಲ್ಲಂತೂ ಇರಲಿಲ್ಲ. ಆಕೆ ತನ್ನ ಊರಿನ ನಂಬಿಕೆಯನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಬಂದಿದ್ದಳು, ಆದರೆ ಆ ನಂಬಿಕೆಗೆ ಆಧಾರವಾಗಿದ್ದ ಊರನ್ನು ತರುವುದಕ್ಕೆ ಆಗಲಿಲ್ಲ.

ಇಲ್ಲಿಗೆ ಬಂದಾಗ ನನ್ನ ವಯಸ್ಸಿನವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ‘ನಮ್ಮನ್ನ ಯಾರ ನೋಡ್ಕೊಂಡಿದ್ರು? ಮಣ್ಣ ತಿಂದೀವಿ, ಬಿದ್ದೀವಿ, ಎದ್ದೀವಿ. ನಾವೇನ ಬದುಕಲಿಲ್ಲಾ?’ ಈ ಮಾತಿಗೆ ಕಟ್ಟೆಯ ಮೇಲೆ ಯಾವಾಗಲೂ ಹೂಂಗುಟ್ಟುವವರು ಸಿಗುತ್ತಾರೆ. ಏಕೆಂದರೆ ಕಟ್ಟೆಯ ಮೇಲೆ ಕುಳಿತವರೆಲ್ಲ ಬದುಕಿದವರೇ. ಬದುಕದೆ ಹೋದವರು ಸಾಕ್ಷಿ ಹೇಳಲು ಬರುವುದಿಲ್ಲ. 1971ರ ಲೆಕ್ಕದಂತೆ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಕೂಸುಗಳಲ್ಲಿ 129 ಕೂಸುಗಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28ಕ್ಕೆ ಇಳಿಯಿತು. ಹೋದವುಗಳಲ್ಲಿ ಹೆಚ್ಚಿನವು ರೋಗದಿಂದ ಹೋದವು, ಓಣಿಯಲ್ಲಿ ಆಡಿದ್ದರಿಂದಲ್ಲ, ನಿಜ. ಆದರೂ ನಮ್ಮ ತಾಯಂದಿರು ಹೆತ್ತ ಮಕ್ಕಳ ಲೆಕ್ಕವನ್ನೂ ಉಳಿದ ಮಕ್ಕಳ ಲೆಕ್ಕವನ್ನೂ ಬೇರೆ ಬೇರೆ ಹೇಳುತ್ತಿದ್ದುದನ್ನು ನಾವು ಕೇಳಿದ್ದೇವೆ. ‘ಎಂಟು ಹಡದೆ, ಐದು ಉಳದೂ’ ಎಂದು ನಮ್ಮವ್ವ ಹೇಳುವಾಗ ಅವಳ ಧ್ವನಿ ಏರಿಳಿಯುತ್ತಿರಲಿಲ್ಲ. ಆ ಮೂರು ಕೂಸುಗಳ ಮುಂದೆ ನಿಂತು ‘ನಾವೇನ ಬದುಕಲಿಲ್ಲಾ’ ಎಂದು ಕೇಳುವ ಧೈರ್ಯ ನನಗಿಲ್ಲ.

ಹೊಸ ತಿಳಿವಳಿಕೆಯಿಂದ ಕೂಸುಗಳು ಉಳಿದಿವೆ. ಕೂಸನ್ನು ಬೋರಲು ಮಲಗಿಸಬೇಡಿ, ಅಂಗಾತ ಮಲಗಿಸಿ ಎಂದು 1990ರ ದಶಕದಲ್ಲಿ ಇಂಗ್ಲೆಂಡು, ಅಮೆರಿಕಗಳಲ್ಲಿ ಪ್ರಚಾರ ಮಾಡಿದ ಮೇಲೆ, ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುತ್ತಿದ್ದ ಕೂಸುಗಳ ಸಂಖ್ಯೆ ಅಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಕೂಸನ್ನು ಕೂರಿಸಿ ಬಿಡುವ ಗಾಲಿಕುರ್ಚಿ, ಅದೇ ವಾಕರ್, ಮೆಟ್ಟಿಲಿನಿಂದ ಉರುಳುವುದಕ್ಕೆ ಕಾರಣವಾಗುತ್ತದೆ ಎಂದು ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಪೇಟೆಯಲ್ಲಿ ಅದು ಇಂದಿಗೂ ಅಂಗಡಿಯ ಮುಂದೆ ತೂಗುತ್ತಿರುತ್ತದೆ. ಬಿಸಿಲು ತಾಗಬಾರದೆಂದು ತಳ್ಳುಗಾಡಿಯ ಮೇಲೆ ದುಪ್ಪಟಿ ಹೊದಿಸಿದರೆ ಒಳಗೆ ಗಾಳಿಯಾಡದೆ ಕಾವು ಏರುತ್ತದೆ. ತಂಪು ದೇಶಗಳ ವೈದ್ಯರೇ ಅದು ಬೇಡ ಎಂದು ಹೇಳುತ್ತಿರುವಾಗ, ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲ್‌ನಲ್ಲಿ ಹೇಳುವುದೇನು? ಸೊಸೆ ಇಂಥದ್ದನ್ನೆಲ್ಲ ಓದಿಕೊಂಡು ಬಂದಿರುತ್ತಾಳೆ. ಅತ್ತೆಯಂದಿರಿಗೆ ಅದು ಅತಿ ಎನ್ನಿಸುತ್ತದೆ. ನನಗೇನೋ ಸೊಸೆಯಂದಿರ ಪಕ್ಷವೇ ಸರಿಯೆನ್ನಿಸುತ್ತದೆ. ಕೂಸಿನ ವಿಷಯದಲ್ಲಿ ಒಂದು ಭಯ ಹೆಚ್ಚಾದರೆ ಆಗಲಿ, ಒಂದು ಕೂಸು ಕಡಿಮೆಯಾಗುವುದು ಬೇಡ.

ಹಾಗಾದರೆ ಎಲ್ಲ ಸರಿಹೋಯಿತೇ? ನನ್ನ ತಕರಾರು ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ನಾವು ಭಯವನ್ನು ಹೆಚ್ಚಿಸಿಕೊಂಡೆವು, ಆದರೆ ಅದನ್ನು ಹಂಚಿಕೊಳ್ಳಲಿಲ್ಲ. ಅಷ್ಟನ್ನೂ ತಾಯಿಯ ತಲೆಯ ಮೇಲೆ ಹೊರಿಸಿದೆವು.

ನಮ್ಮ ಜಿಲ್ಲೆಯದೇ ಉದಾಹರಣೆ. 2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಒಂದು ಕೂಸು ತೋಟದ ಕೊಳವೆಬಾವಿಯಲ್ಲಿ ತಲೆಕೆಳಗಾಗಿ ಬಿದ್ದಿತು. ಸುಮಾರು 20 ಗಂಟೆ ಮಣ್ಣು ಅಗೆದು, ಕಲ್ಲು ಕೊರೆದು, ಮರುದಿನ ಮಧ್ಯಾಹ್ನ ಅದನ್ನು ಜೀವಂತ ಹೊರತೆಗೆದರು. ನಾಡಿಗೆ ನಾಡೇ ದೂರದರ್ಶನದ ಮುಂದೆ ಕುಳಿತು ಉಸಿರು ಬಿಟ್ಟಿತು. ಎಲ್ಲ ಕೂಸುಗಳಿಗೂ ಆ ಭಾಗ್ಯ ಇರಲಿಲ್ಲ. 2014ರ ಜೂನ್‌ನಲ್ಲಿ ನಮ್ಮ ಜಿಲ್ಲೆಯ ನಾಗಠಾಣದಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ, 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಾವಿಗೆ ಬಿದ್ದ ಮಕ್ಕಳು ಜೀವಂತವಾಗಿ ಬರಲಿಲ್ಲ.

ಪ್ರತಿ ಸಲವೂ ಕಟ್ಟೆಯ ಮೇಲೆ ಕೇಳಿಬಂದ ಮೊದಲ ಮಾತು ಒಂದೇ: ‘ಅವರವ್ವ ಏನ ಮಾಡಾಕತ್ತಿದ್ಲು?’ ಕೊರೆದವನು ಏನು ಮಾಡುತ್ತಿದ್ದ, ಕೊರೆಯುವ ಯಂತ್ರದವನು ಏನು ಮಾಡಿ ಹೋದ, ಪಂಚಾಯಿತಿ ಎಲ್ಲಿತ್ತು ಎಂದು ಕೇಳುವುದು ಆಮೇಲೆ, ಕೇಳಿದರೆ. ಸುಪ್ರೀಂ ಕೋರ್ಟು 2010ರ ಫೆಬ್ರವರಿಯಲ್ಲೇ ಎಲ್ಲವನ್ನೂ ಬಿಡಿಸಿ ಹೇಳಿತ್ತು. ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಫಲಕ ಹಾಕಬೇಕು, ಸುತ್ತ ಬೇಲಿ ಕಟ್ಟಬೇಕು, ಕೊಳವೆಯ ಬಾಯಿಗೆ ಉಕ್ಕಿನ ಮುಚ್ಚಳ ಬಿಗಿಯಬೇಕು, ನೀರು ಬೀಳದೆ ಬಿಟ್ಟ ಬಾವಿಯನ್ನು ತಳದಿಂದ ನೆಲದವರೆಗೆ ತುಂಬಬೇಕು. ಇದರಲ್ಲಿ ಯಾವುದೂ ತಾಯಿಯ ಕೆಲಸವಲ್ಲ. ಆದರೆ ಮುಚ್ಚಳವಿಲ್ಲದ ಬಾವಿಗೆ ತಾಯಿಯ ಕಣ್ಣೇ ಮುಚ್ಚಳವಾಗಬೇಕು ಎಂದು ನಾವು ತೀರ್ಮಾನಿಸಿದಂತಿದೆ. ಕಣ್ಣು ರೆಪ್ಪೆ ಬಡಿಯುತ್ತದೆ. ಉಕ್ಕಿನ ಮುಚ್ಚಳ ರೆಪ್ಪೆ ಬಡಿಯುವುದಿಲ್ಲ.

ರಸ್ತೆಯ ಮೇಲೂ ಇದೇ ಕಥೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ಪ್ರಕಟಿಸಿ, ಒಂದು ವರ್ಷದ ನಂತರ ಜಾರಿಗೆ ತಂದಿತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ಮೋಟಾರ್ ಸೈಕಲ್ಲಿನಲ್ಲಿ ಕೂರಿಸಿಕೊಂಡರೆ ತಲೆಗೆ ಹೆಲ್ಮೆಟ್ ಇರಬೇಕು, ಚಾಲಕನಿಗೂ ಕೂಸಿಗೂ ಸೇರಿಸಿ ಬಿಗಿಯುವ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ಒಳ್ಳೆಯ ನಿಯಮ. ಸಂತೆಯ ದಿನ ನಮ್ಮ ಹೆದ್ದಾರಿಯ ಬದಿಗೆ ನಿಂತು ನೋಡಿ. ಟ್ಯಾಂಕಿನ ಮೇಲೆ ಒಂದು ಕೂಸು, ನಡುವೆ ಒಂದು, ಹಿಂದೆ ಕುಳಿತ ತಾಯಿಯ ಮಡಿಲಲ್ಲಿ ಇನ್ನೊಂದು. ಇವರನ್ನು ಬೈಯುವುದು ಸುಲಭ. ಆದರೆ ಹಳ್ಳಿಯಿಂದ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಬಸ್ಸಿದ್ದರೆ ಜ್ವರದ ಕೂಸನ್ನು ಹೀಗೆ ಯಾರು ಒಯ್ಯುತ್ತಿದ್ದರು? ಬೆಂಗಳೂರಿನ ಕಾರಿನಲ್ಲಿ ಕೂಸಿಗೆಂದೇ ಬೇರೆ ಕುರ್ಚಿ, ಅದಕ್ಕೆ ಐದು ಪಟ್ಟಿ. ಕೊಳ್ಳಬಲ್ಲವನ ಕೂಸಿಗೆ ಸುರಕ್ಷತೆ ಅಂಗಡಿಯಲ್ಲಿ ಸಿಗುತ್ತದೆ, ಕೊಳ್ಳಲಾರದವನಿಗೆ ಉಪದೇಶ ಸಿಗುತ್ತದೆ.

ಹೊಲದಲ್ಲಿ ಕಸ ತೆಗೆಯುವ ಹೆಂಗಸರ ಮಾತನ್ನು ಇಲ್ಲಿ ಹೇಳಲೇಬೇಕು. ಹಿಂಗಾರಿನ ಬಿಳಿಜೋಳ ಇರಲಿ, ತೊಗರಿ ಇರಲಿ, ಅವರು ಸಾಲು ಹಿಡಿದು ಹೋಗುವಾಗ ಬದುವಿನ ಬೇವಿನ ಮರಕ್ಕೆ ಜೋಳಿಗೆ ಕಟ್ಟಿರುತ್ತಾರೆ. ಪಟ್ಟಣದಿಂದ ಬಂದವರಿಗೆ ಅದು ಚಿತ್ರ ತೆಗೆಯಬೇಕೆನಿಸುವಷ್ಟು ಚೆಂದ. ಒಂದು ಸಲ ನಾನು ಒಬ್ಬಾಕೆಯನ್ನು ಕೇಳಿದೆ: ‘ಅಷ್ಟ ದೂರ ಬಿಟ್ಟೀಯಲ್ಲ, ಅಂಜಿಕಿ ಬರೂದಿಲ್ಲೇನು?’ ಆಕೆ ಕುಡುಗೋಲು ನಿಲ್ಲಿಸದೆ, ‘ಕೈ ಇಲ್ಲೈತ್ರೀ ಸರ, ಜೀವ ಅಲ್ಲೈತಿ. ಅಂಜಿಕಿ ಬರ್ತೈತಂತ ಮನ್ಯಾಗ ಕುಂತ್ರ ಸಂಜೀಗಿ ಒಲಿ ಹತ್ತಬೇಕಲ್ರೀ’ ಎಂದಳು. ಇರುವೆ ಬಾರದಂತೆ ಮರದ ಬುಡಕ್ಕೆ ಬೂದಿ ಹಾಕಿದ್ದಳು, ಚೇಳು ಹತ್ತದಷ್ಟು ಎತ್ತರಕ್ಕೆ ಜೋಳಿಗೆ ಕಟ್ಟಿದ್ದಳು, ಸಾಲಿನ ತುದಿಗೆ ಹೋದಾಗಲೆಲ್ಲ ಬೇಕೆಂದೇ ಕೆಮ್ಮಿ ಕೂಸಿಗೆ ತನ್ನ ದನಿ ಕೇಳಿಸುತ್ತಿದ್ದಳು. ಇದನ್ನು ಅಲಕ್ಷ್ಯ ಎನ್ನುವವನಿಗೆ ಅಲಕ್ಷ್ಯದ ಅರ್ಥ ಗೊತ್ತಿಲ್ಲ. ‘ಹಿಂದಿನವರು ಎಷ್ಟು ಆರಾಮವಾಗಿ ಮಕ್ಕಳನ್ನು ಬಯಲಿಗೆ ಬಿಡುತ್ತಿದ್ದರು’ ಎಂದು ಮೆಚ್ಚುವವನಿಗೂ ಗೊತ್ತಿಲ್ಲ.

ದೇಶದ ಕಾನೂನು ಇಂಥ ತಾಯಿಯನ್ನು ಕಂಡದ್ದು ಬಹಳ ತಡವಾಗಿ. 1948ರ ಕಾರ್ಖಾನೆ ಕಾಯ್ದೆ, 1951ರ ತೋಟಗಾರಿಕೆ ಕಾರ್ಮಿಕರ ಕಾಯ್ದೆ ಇವೆರಡೂ ಹೆಣ್ಣಾಳುಗಳ ಸಂಖ್ಯೆ ಇಷ್ಟು ದಾಟಿದರೆ ಕೂಸುಗಳಿಗೆ ಒಂದು ಕೋಣೆ ಇರಬೇಕು ಎಂದವು. ಆದರೆ ನಮ್ಮ ಸೀಮೆಯ ಹೆಣ್ಣಾಳು ಕಾರ್ಖಾನೆಯಲ್ಲಿಲ್ಲ, ಕಾಫಿ ತೋಟದಲ್ಲಿಲ್ಲ. ಅವಳು ಇಂದು ಒಬ್ಬರ ಹೊಲದಲ್ಲಿ, ನಾಳೆ ಮತ್ತೊಬ್ಬರ ಹೊಲದಲ್ಲಿ. 1975ರಲ್ಲಿ ಶುರುವಾದ ಅಂಗನವಾಡಿ ದೊಡ್ಡ ಉಪಕಾರವೇ, ಆದರೆ ಅದು ಮೂರು ವರ್ಷ ತುಂಬಿದ ಮಕ್ಕಳನ್ನು ಕೂರಿಸಿಕೊಳ್ಳುವ ಜಾಗ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಬೇಕು ಎಂಬ ಮಾತು ಬಂತು. 2023ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲು ಹೊರಟಿತು. ಹೆಸರು ಇಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ನನ್ನ ಲೆಕ್ಕದಲ್ಲಿ ಒಂದು ಚೆನ್ನಾಗಿ ನಡೆಯುವ ಕೂಸಿನ ಮನೆ ನೂರು ತಳ್ಳುಗಾಡಿಗಳಿಗಿಂತ ದೊಡ್ಡದು.

ಹಳೆಯ ಓಣಿಯಲ್ಲಿ ಅಂಥ ಮನೆ ಬೇಕಾಗಿರಲಿಲ್ಲ, ಓಣಿಯೇ ಕೂಸಿನ ಮನೆಯಾಗಿತ್ತು ಎಂದು ಯಾರಾದರೂ ಹೇಳಬಹುದು. ನಾನೂ ಬಹಳ ದಿನ ಹಾಗೆಯೇ ಹೇಳುತ್ತ ಬಂದವನು. ಕಟ್ಟೆಯ ಮೇಲೆ ಹತ್ತು ಕಣ್ಣು, ಯಾರ ಕೂಸಾದರೂ ಬಾವಿಯ ಕಡೆ ನಡೆದರೆ ‘ಏ’ ಎಂದು ಕೂಗುವ ಬಾಯಿ. ಈಗ ಬಾಗಿಲುಗಳು ಮುಚ್ಚಿವೆ, ಕಣ್ಣುಗಳು ಅಂಗೈಯೊಳಗಿನ ಗಾಜಿನ ಮೇಲೆ ಇವೆ. ಇನ್ನೊಬ್ಬರ ಕೂಸನ್ನು ಗದರಿಸಿದರೆ ಜಗಳ, ಎತ್ತಿಕೊಂಡರೆ ಸಂಶಯ. ಇದೆಲ್ಲ ಖರೆ.

ಆದರೆ ಇನ್ನೊಂದು ಖರೆಯೂ ಇದೆ, ಅದನ್ನು ಬಿಟ್ಟು ಹೇಳಿದರೆ ಹಳೆಯ ಓಣಿಗೆ ಬಣ್ಣ ಬಳಿದಂತಾಗುತ್ತದೆ. ನಾನು ಹುಡುಗನಾಗಿದ್ದಾಗ ಒಂದು ಮಳೆಗಾಲದ ದಿನ ನಮ್ಮ ಓಣಿಯ ದೊಡ್ಡ ಮನೆಯೊಂದರ ಕೂಸು ತುಂಬಿ ಹರಿಯುತ್ತಿದ್ದ ಗಟಾರಕ್ಕೆ ಜಾರಿತು. ಓಣಿ ಗುಡಿಸಲು ಬಂದಿದ್ದ ಹೆಂಗಸೊಬ್ಬಳು ಪೊರಕೆ ಬಿಸುಟು ಓಡಿಹೋಗಿ ಎತ್ತಿದಳು, ಬೆನ್ನು ತಟ್ಟಿ ನೀರು ಕಕ್ಕಿಸಿದಳು. ಕೂಸು ಅತ್ತಿತು. ಮನೆಯ ಹಿರಿಯಳು ಬಾಗಿಲಲ್ಲಿ ನಿಂತು ‘ಕೆಳಗ ಇಡು’ ಎಂದಳು. ಆಕೆ ಕೆಸರು ಕಟ್ಟೆಯ ಮೇಲೆಯೇ ಇಟ್ಟು ಹಿಂದೆ ಸರಿದಳು. ಒಳಗಿನಿಂದ ಎರಡು ಕೊಡ ನೀರು ಬಂತು, ಕೂಸಿನ ಮೇಲೆ ಸುರಿದ ನಂತರವೇ ತಾಯಿ ಅದನ್ನು ಎತ್ತಿಕೊಂಡಳು. ಗಟಾರದ ಕೆಸರನ್ನು ತೊಳೆಯಲು ಒಂದೇ ಕೊಡ ಸಾಕಾಗುತ್ತಿತ್ತು. ಎರಡನೆಯ ಕೊಡ ಯಾವುದಕ್ಕೆ ಎಂದು ಓಣಿಯಲ್ಲಿ ನಿಂತವರಿಗೆಲ್ಲ ಗೊತ್ತಿತ್ತು, ಎತ್ತಿದವಳಿಗೂ ಗೊತ್ತಿತ್ತು. ಆಕೆ ಪೊರಕೆ ಎತ್ತಿಕೊಂಡು ತನ್ನ ಕೆಲಸಕ್ಕೆ ಹೋದಳು. ಬಸವಣ್ಣನವರು ಹುಟ್ಟಿದ ಸೀಮೆಯಲ್ಲಿ, ಅವರು ಹುಟ್ಟಿ ಎಂಟು ನೂರು ವರ್ಷ ಕಳೆದ ಮೇಲೆ ಇದು ನಡೆಯಿತು.

ಹಾಗಾಗಿ ‘ಊರೇ ಕೂಸನ್ನು ಸಾಕುತ್ತಿತ್ತು’ ಎಂದು ಹೇಳುವಾಗ ಯಾವ ಊರು, ಯಾರ ಕೂಸು ಎಂದು ಕೇಳಬೇಕು. ದೊಡ್ಡ ಮನೆಯ ಕೂಸಿಗೆ ಓಣಿಯ ಎಲ್ಲ ಕಣ್ಣುಗಳ ಕಾವಲು ಇತ್ತು. ಆ ಗುಡಿಸುವವಳ ಕೂಸು ಅದೇ ಗಟಾರಕ್ಕೆ ಬಿದ್ದಿದ್ದರೆ ಎಷ್ಟು ಕೈಗಳು ಚಾಚುತ್ತಿದ್ದವು? ನಾವು ಕಳೆದುಕೊಂಡೆವು ಎಂದು ಕೊರಗುವ ಆ ನಂಬಿಕೆಗೆ ಅಂದೂ ಬೇಲಿ ಇತ್ತು. ನಾವು ಬೇಲಿಯ ಒಳಗಿದ್ದದ್ದರಿಂದ ಅದು ಕಾಣಲಿಲ್ಲ.

ಹಾಗೆಂದು ಬಾಗಿಲು ಹಾಕಿಕೊಂಡು, ಕೂಸನ್ನು ಪಟ್ಟಿಯಿಂದ ಬಿಗಿದು ಕೂರಿಸುವುದೇ ಉಪಾಯವೆಂದು ನಾನು ಹೇಳಲಾರೆ. ಕೂಸಿಗೆ ಹೊರಗು ಬೇಕು. ಬಿಸಿಲು ಬೇಕು, ಮಣ್ಣು ಬೇಕು, ತನ್ನ ಮನೆಯವರಲ್ಲದ ನಾಲ್ಕು ಮುಖಗಳು ಬೇಕು. ಬೀಳದೆ ನಡೆಯುವುದನ್ನು ಯಾವ ಕೂಸೂ ಕಲಿತಿಲ್ಲ. ಮೊಣಕಾಲು ತರಚುವಂಥ ಬೀಳು ಕೂಸಿನ ಪಾಲಿನದು, ಅದನ್ನು ಕಸಿದುಕೊಳ್ಳಬಾರದು. ಕೊಳವೆಬಾವಿಯಂಥ ಬೀಳು ಮಾತ್ರ ನಮ್ಮ ಪಾಲಿನದು, ದೊಡ್ಡವರಾದ ನಾವು ತೋಡಿದ್ದು. ಇವೆರಡನ್ನು ಬೇರ್ಪಡಿಸಿ ನೋಡಿದರೆ ತಾಯಂದಿರ ಭಯದಲ್ಲಿ ಅರ್ಧವನ್ನಾದರೂ ಇಳಿಸಬಹುದು. ಹೊರಗನ್ನು ಯಾರು ಕಟ್ಟಿದರೋ, ಅಗೆದರೋ, ಅದರಲ್ಲಿ ವಾಹನ ಓಡಿಸಿದರೋ, ಅವರು ಕೂಸಿಗೆ ಸಾಲಗಾರರು. ಆ ಸಾಲವನ್ನು ತಾಯಿಯ ಹೆಸರಿಗೆ ಬರೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಊರಿನ ದೊಡ್ಡವರು ಕೂಡಿದಾಗ ನಾನು ಈಗ ಹೆಚ್ಚು ಮಾತಾಡುವುದಿಲ್ಲ. ಕಟ್ಟಡದ ಮಾತು, ಕಮಾನಿನ ಮಾತು, ಜಾತ್ರೆಯ ಪಟ್ಟಿಯ ಮಾತು ಮುಗಿದ ಮೇಲೆ ನನ್ನ ಸರದಿ ಬಂದರೆ ಮೂರು ಸಣ್ಣ ವಿಷಯ ಎತ್ತುತ್ತೇನೆ. ಗಟಾರದ ಒಡೆದ ಹಾಸುಗಲ್ಲು ಎಂದು ಹಾಕುತ್ತೀರಿ? ಶಾಲೆಯ ಮುಂದೆ ಟ್ರ್ಯಾಕ್ಟರು ನಿಧಾನಿಸುವಂತೆ ಒಂದು ಉಬ್ಬು ಎಂದು ಹಾಕಿಸುತ್ತೀರಿ? ಯಾರ ಯಾರ ಹೊಲದಲ್ಲಿ ಬಾಯಿ ತೆರೆದ ಕೊಳವೆಗಳಿವೆ, ಎಣಿಸಿದ್ದೀರಾ? ಕೆಲವರು ಗೋಣು ಹಾಕುತ್ತಾರೆ, ಕೆಲವರು ಗಡಿಯಾರ ನೋಡುತ್ತಾರೆ. ಹೋದ ವರ್ಷ ನಮ್ಮ ಓಣಿಯ ಹುಡುಗರು ನಾಲ್ಕು ಜನ ಸೇರಿ ಸುತ್ತಲ ಹೊಲಗಳಲ್ಲಿ ತಿರುಗಾಡಿ ಏಳು ತೆರೆದ ಕೊಳವೆಗಳನ್ನು ಗುರುತಿಸಿದರು, ಐದಕ್ಕೆ ಮುಚ್ಚಳ ಬಿಗಿಸಿದರು. ಇನ್ನೆರಡರ ಒಡೆಯರು ಊರಲ್ಲಿಲ್ಲ. ಅವುಗಳ ಮೇಲೆ ಸದ್ಯಕ್ಕೆ ಒಂದೊಂದು ಹಾಸುಗಲ್ಲು ಎಳೆದಿಟ್ಟಿದ್ದಾರೆ.